ವಿಂಡೋಸ್ ಇದ್ದರೂ ‘ನುಡಿ’ ಓಡದ ಟ್ಯಾಬ್ಲೆಟ್

2015ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಪುಣೆಯ ದತ್ತಾಂಶ ಕೇಂದ್ರದಿಂದ ಕ್ಲೌಡ್ ಸೇವೆ ಶುರು ಮಾಡಿತು. ಅದಕ್ಕೆ ಎರಡೇ ತಿಂಗಳ ಹಿಂದೆ, ನೋಕಿಯಾದಿಂದ ಕೊಂಡಿದ್ದ ಫೋನ್ ವ್ಯವಹಾರದ ಬಾಬ್ತು 760 ಕೋಟಿ ಡಾಲರ್‌ಗಳನ್ನು ಇದೇ ಕಂಪನಿ ನಷ್ಟದ ಖಾತೆಗೆ ಹಾಕಿತ್ತು. ಬೇರೆಯವರ ಯಂತ್ರಗಳಲ್ಲಿ ಸಲೀಸಾಗಿ ಓಡುವ ತಂತ್ರಾಂಶ ಸ್ವಂತ ಯಂತ್ರದ ಮಾತು ಬಂದಾಗ ಮುಗ್ಗರಿಸಿದ್ದು ಅದೇ ಮೊದಲಲ್ಲ.

2012ರಲ್ಲಿ ಬಂದ ಅದರ ಸರ್ಫೇಸ್ ಆರ್‌ಟಿ ಟ್ಯಾಬ್ಲೆಟ್ ನೋಡಿ. ಒಳಗಿದ್ದದ್ದು ಆರ್ಮ್ ಮಾದರಿಯ ಪ್ರೊಸೆಸರ್. ಬ್ಯಾಟರಿ ಬಹಳ ಹೊತ್ತು ಬರುತ್ತದೆ, ಫ್ಯಾನ್ ಬೇಡ. ನಮ್ಮ ಪಿಸಿಗಳಲ್ಲಿದ್ದದ್ದು ಎಕ್ಸ್86 ಮಾದರಿ. ‘ಎರಡು ಅಂಕಿ ಕೂಡು’, ‘ಫಲವನ್ನು ಇಲ್ಲಿಡು’ ಎಂಬ ಆದೇಶಗಳಿಗೆ ಎರಡರಲ್ಲೂ ಸಂಕೇತಗಳೇ ಬೇರೆ. ಒಂದಕ್ಕೆಂದು ಸಿದ್ಧಪಡಿಸಿದ ಪ್ರೋಗ್ರಾಂ ಇನ್ನೊಂದರ ಪಾಲಿಗೆ ಬರೀ ಅಂಕಿಗಳ ರಾಶಿ. ಹಾಗಾಗಿ ಪರದೆಯ ಮೇಲೆ ಅದೇ ವಿಂಡೋಸ್ ಕಂಡರೂ ಪಿಸಿಯಲ್ಲಿ ಕನ್ನಡ ಬರೆಯುವ ‘ನುಡಿ’ಯಾಗಲಿ ಲೆಕ್ಕಪತ್ರದ ಟ್ಯಾಲಿಯಾಗಲಿ ಅದರಲ್ಲಿ ಓಡುವಂತಿರಲಿಲ್ಲ. ಆರ್ಮ್‌ಗಾಗಿ ಮತ್ತೆ ಕಂಪೈಲ್ ಮಾಡಿ ಕೊಡೋಣವೆಂದರೆ, ಹೊರಗಿನವರ ಡೆಸ್ಕ್‌ಟಾಪ್ ತಂತ್ರಾಂಶಕ್ಕೆ ಕಂಪನಿಯೇ ಬಾಗಿಲು ಹಾಕಿತ್ತು. ಏನಿದ್ದರೂ ಅದರ ಆಪ್ ಸ್ಟೋರ್ ಮೂಲಕವೇ ಬರಬೇಕು. ನನ್ನನ್ನು ಕೇಳಿದರೆ ಚಿಪ್‌ನದ್ದಕ್ಕಿಂತ ಈ ಹಠದ್ದೇ ದೊಡ್ಡ ತಪ್ಪು. ಮಾರಾಟವಾಗದ ದಾಸ್ತಾನು ಬೆಳೆದು, 2013ರ ಜುಲೈನಲ್ಲಿ 90 ಕೋಟಿ ಡಾಲರ್ ಕಳೆದುಕೊಂಡದ್ದಾಯಿತು.

ತಂತ್ರಾಂಶಕ್ಕೂ ಯಂತ್ರಕ್ಕೂ ಖರ್ಚಿನ ಲೆಕ್ಕವೂ ಬೇರೆ. ತಂತ್ರಾಂಶದ ಮೊದಲ ಪ್ರತಿಗೆ ಕೋಟಿಗಟ್ಟಲೆ ಬೇಕು, ಹತ್ತು ಲಕ್ಷದ ಪ್ರತಿಗೆ ಹೆಚ್ಚುಕಡಿಮೆ ಏನೂ ಬೇಡ. ಫೋನಿಗಾದರೆ ಪ್ರತಿ ಸಲವೂ ಪರದೆ, ಬ್ಯಾಟರಿ, ಮೆಮೊರಿ ಕೊಳ್ಳಬೇಕು. ಅವು ಅಗ್ಗಕ್ಕೆ ಸಿಗುವುದು ಲಕ್ಷಗಟ್ಟಲೆ ಕೊಳ್ಳುವವರಿಗೆ. ಬೆಂಗಳೂರಿನ ಐಐಎಸ್‌ಸಿ ಪ್ರಾಧ್ಯಾಪಕರು ಎನ್‌ಕೋರ್ ಸಾಫ್ಟ್‌ವೇರ್ ಜೊತೆ ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ಸಿಕ್ಕಿಬಿದ್ದದ್ದು ಇಲ್ಲೇ. ಲಿನಕ್ಸ್ ಇತ್ತು, ಸ್ಮಾರ್ಟ್ ಕಾರ್ಡ್ ಹಾಕುವ ಸೀಳಿತ್ತು, ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ಏರ್ಪಾಡಿತ್ತು. 2004ರಲ್ಲಿ ಬಿಇಎಲ್ ತಯಾರಿಸಿದ ‘ಅಮಿಡಾ’ ಮಾದರಿಯ ಬೆಲೆ ಸುಮಾರು 10 ಸಾವಿರ ರೂಪಾಯಿಯಿಂದ ಶುರು. ಹಳ್ಳಿಯವರಿಗೆಂದು ಮಾಡಿದ್ದು ಹಳ್ಳಿಯವರ ಕೈಗೆಟುಕಲಿಲ್ಲ. ಮಾರಾಟ ಕೆಲವೇ ಸಾವಿರಕ್ಕೆ ನಿಂತಿತು.

ಮತ್ತೆ ಮೈಕ್ರೋಸಾಫ್ಟ್‌ನ ಫೋನ್‌ಗಳಿಗೆ ಬರೋಣ. ಫೋನ್ ತಯಾರಕರಿಗೆ ಗೂಗಲ್ ಆಂಡ್ರಾಯ್ಡನ್ನು ಪುಕ್ಕಟೆ ಕೊಡುತ್ತಿದ್ದಾಗ ಮೈಕ್ರೋಸಾಫ್ಟ್ ಫೋನ್‌ನ ವಿಂಡೋಸ್‌ಗೆ 2014ರವರೆಗೂ ಲೈಸೆನ್ಸ್ ಶುಲ್ಕ ಕೇಳುತ್ತಿತ್ತು. ಮೇಲಾಗಿ, ಶುಲ್ಕ ಕೊಟ್ಟವರಿಗೇ ತನ್ನ ಫೋನ್‌ಗಳಿಂದ ಪೈಪೋಟಿ ಒಡ್ಡಿತು. ಗಿರಾಕಿ ಕಡಿಮೆಯೆಂದು ಆಪ್ ಬರೆಯುವವರು ಬರಲಿಲ್ಲ, ಆಪ್ ಇಲ್ಲವೆಂದು ಗಿರಾಕಿಗಳು ಬರಲಿಲ್ಲ. 2020ರಲ್ಲಿ ಕಂಪನಿ ಸರ್ಫೇಸ್ ಡ್ಯುಯೋ ಎಂಬ ಫೋನ್ ತಂದಾಗ ಅದರಲ್ಲಿದ್ದದ್ದು ವಿಂಡೋಸ್ ಅಲ್ಲ, ಆಂಡ್ರಾಯ್ಡ್.