ನೀರು ಬರುವ ದಾರಿ

ಹಲಸೂರು ಕೆರೆ ಎಂದರೆ ನಮ್ಮಲ್ಲಿ ಬಹಳ ಮಂದಿಗೆ ಗಣೇಶನ ವಿಸರ್ಜನೆ, ಬೆಳಗಿನ ವಾಕಿಂಗ್, ಸಂಜೆಯ ಟ್ರಾಫಿಕ್ ಜಾಮ್. ಅದೇ ಕೆರೆಯಲ್ಲಿ ಹಾಯಿದೋಣಿಗಳೂ ಓಡುತ್ತವೆ ಎಂದರೆ ನನ್ನ ಕಾಲೇಜಿನ ಗೆಳೆಯರು ನಂಬುವುದಿಲ್ಲ. ಕೆರೆಯ ಮಗ್ಗುಲಲ್ಲೇ ಇರುವ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ, ಅಂದರೆ ಹಲಸೂರಿನವರ ಬಾಯಲ್ಲಿ ‘ಎಂಇಜಿ’ಯ ಯೋಧರು ಇಲ್ಲಿ ಹಾಯಿ ಬಿಚ್ಚಿ ಅಭ್ಯಾಸ ಮಾಡುತ್ತಾರೆ. ಅವರ ಕ್ಲಬ್ಬಿನ ಹೆಸರು ‘ತೃಷ್ಣಾ’.

ಆ ಹೆಸರಿಗೊಂದು ಕಥೆಯಿದೆ. 1985ರ ಸೆಪ್ಟೆಂಬರ್‌ನಲ್ಲಿ ಸೇನೆಯ ಎಂಜಿನಿಯರ್ ವಿಭಾಗದ ಅಧಿಕಾರಿಗಳು ‘ತೃಷ್ಣಾ’ ಎಂಬ ಹಾಯಿದೋಣಿಯಲ್ಲಿ ಮುಂಬೈನಿಂದ ಹೊರಟರು. ಭೂಮಿಯನ್ನು ಒಂದು ಸುತ್ತು ಹಾಕಿ 1987ರ ಜನವರಿಯಲ್ಲಿ ಅಲ್ಲಿಗೇ ಮರಳಿದರು. ದೋಣಿಯ ಉದ್ದ ಬರೀ 37 ಅಡಿ. ಅದು ಹೊಸದೂ ಅಲ್ಲ, ಇಂಗ್ಲೆಂಡಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ದೋಣಿ. ಈ ಕಥೆಯನ್ನು ನನಗೆ ಹೇಳಿದ್ದು ಮರ್ಫಿ ಟೌನಿನ ಒಬ್ಬ ತಾತ. ಎಂಇಜಿಯಿಂದ ನಿವೃತ್ತರಾದವರು, ವಯಸ್ಸು ಎಪ್ಪತ್ತು ದಾಟಿದೆ. ಅವರ ಹಿತ್ತಲಲ್ಲಿ ಟಾರ್ಪಾಲಿನ ಕೆಳಗೆ ಒಂದು ಹಳೆಯ ಹಾಯಿದೋಣಿ ಮಲಗಿದೆ. ಮೂರು ತಿಂಗಳಿಂದ ನನ್ನ ಭಾನುವಾರಗಳೆಲ್ಲ ಅಲ್ಲೇ ಕಳೆಯುತ್ತಿವೆ. ಕೆ.ಆರ್. ಪುರದಲ್ಲಿ ಮೆಟ್ರೊ ಹತ್ತಿ ಹಲಸೂರಿನಲ್ಲಿ ಇಳಿದರೆ ಉಳಿದದ್ದು ಕಾಲ್ನಡಿಗೆ.

ಈ ದೋಣಿಯ ಮಾದರಿಯ ಹೆಸರು ಎಂಟರ್‌ಪ್ರೈಸ್. ಇಂಗ್ಲೆಂಡಿನ ಜಾಕ್ ಹೋಲ್ಟ್ ಎಂಬ ವಿನ್ಯಾಸಕಾರ 1956ರಲ್ಲಿ ರೂಪಿಸಿದ್ದು. ಉದ್ದ ನಾಲ್ಕು ಮೀಟರ್, ಇಬ್ಬರು ಕೂರಬಹುದು, ಹಾಯಿ ನೀಲಿ. ಅದರ ಬೆನ್ನಿಗೆ ನಿಂತದ್ದು ‘ನ್ಯೂಸ್ ಕ್ರಾನಿಕಲ್’ ಎಂಬ ಪತ್ರಿಕೆ. ಆರೇಳು ವರ್ಷಗಳ ಬಳಿಕ ‘ಡೇಲಿ ಮಿರರ್’ ಪತ್ರಿಕೆ ಇದೇ ಹೋಲ್ಟ್ ಜೊತೆಗೆ, ಟಿ.ವಿ.ಯಲ್ಲಿ ಮನೆ ರಿಪೇರಿ ಕಲಿಸುತ್ತಿದ್ದ ಬ್ಯಾರಿ ಬಕ್ನೆಲ್ ಅವರನ್ನು ಸೇರಿಸಿಕೊಂಡು ಇನ್ನೂ ಸುಲಭದ ದೋಣಿಯೊಂದನ್ನು ತಂದಿತು. ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಹೊಲಿಗೆಯ ಮೇಲೆ ಗಾಜಿನ ನಾರಿನ ಪಟ್ಟಿ ಅಂಟಿಸಿದರೆ ದೋಣಿ ಸಿದ್ಧ. ಅಂಥವು 70,000ಕ್ಕೂ ಹೆಚ್ಚು ತಯಾರಾದವು. ಶ್ರೀಮಂತರ ಆಟವೊಂದು ಸಾಮಾನ್ಯರ ಹಿತ್ತಲಿಗೆ ಬಂದದ್ದು ಹೀಗೆ, ಪ್ಲೈವುಡ್ಡು ಮತ್ತು ಅಂಟಿನ ದೆಸೆಯಿಂದ.

ತಾತನ ದೋಣಿಯನ್ನು ಮೊದಲ ಸಲ ನೋಡಿದಾಗ ಹೊರಗಿನಿಂದ ಏನೂ ಆಗಿಲ್ಲ ಅನ್ನಿಸಿತು. ಬಣ್ಣ ಅಲ್ಲಲ್ಲಿ ಎದ್ದಿತ್ತು, ಅಷ್ಟೆ. ತಾತ ಒಂದು ಹಳೆಯ ಸ್ಕ್ರೂಡ್ರೈವರ್ ಕೈಗಿತ್ತು, ‘ಹಿಡಿಯಿಂದ ತಟ್ಟುತ್ತಾ ಹೋಗು, ಕಿವಿಗೊಟ್ಟು ಕೇಳು’ ಎಂದರು. ಗಟ್ಟಿ ಮರ ಟಣ್ ಅನ್ನುತ್ತದೆ, ಲಡ್ಡಾದ ಮರ ದಪ್ ಅನ್ನುತ್ತದೆ. ದಪ್ ಎಂದ ಕಡೆಗಳಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿದೆವು. ಗುರುತುಗಳು ಎಲ್ಲೆಂದರಲ್ಲಿ ಇರಲಿಲ್ಲ. ಸ್ಕ್ರೂ ಹೊಕ್ಕ ತೂತುಗಳ ಸುತ್ತ, ಹಲಗೆಯ ಕೊಯ್ದ ತುದಿಗಳಲ್ಲಿ, ದೋಣಿಯ ಹಿಂಬದಿಯ ಮೂಲೆಗಳಲ್ಲಿ ಮಾತ್ರ ಇದ್ದವು. ಮರದ ನಾರುಗಳು ಸಣ್ಣ ಕೊಳವೆಗಳಿದ್ದಂತೆ. ಕೊಯ್ದ ತುದಿ ತೆರೆದಿದ್ದರೆ ನೀರನ್ನು ಹೀರಿಕೊಳ್ಳುತ್ತಲೇ ಇರುತ್ತವೆ. ಮರದ ತೇವಾಂಶ ಶೇ 20ರ ಒಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ಅದನ್ನು ದಾಟಿ ಹಾಗೇ ಉಳಿದರೆ ಕೊಳೆತ ಶುರು. ಉಪ್ಪುನೀರಿಗಿಂತ ಮಳೆಯ ಸಿಹಿನೀರೇ ದೋಣಿಗೆ ದೊಡ್ಡ ಶತ್ರು ಎಂಬುದು ನನಗೆ ಹೊಸ ವಿಷಯ. ಸಮುದ್ರದಲ್ಲಿ ಗಟ್ಟಿಯಾಗಿ ಉಳಿದ ದೋಣಿ ಹಿತ್ತಲಲ್ಲಿ ಟಾರ್ಪಾಲಿನ ಕೆಳಗೆ ಕೊಳೆಯಬಲ್ಲದು.

ಜೊತೆಗೆ ಬಂದಿದ್ದ ಗೆಳೆಯನೊಬ್ಬ ಸುಲಭದ ದಾರಿ ಹೇಳಿದ: ‘ಇಡೀ ದೋಣಿಗೆ ಫೈಬರ್ ಹೊದಿಸಿಬಿಡೋಣ, ಎರಡೇ ದಿನದ ಕೆಲಸ.’ ತಾತ ಒಪ್ಪಲಿಲ್ಲ. ಒದ್ದೆ ಮರದ ಮೇಲೆ ಫೈಬರ್ ಹೊದಿಸಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ, ಮರ ಕಣ್ಣಿಗೆ ಕಾಣದಂತೆ ಕೊಳೆಯುತ್ತದೆ ಎಂಬುದು ಅವರ ವಾದ. ಗೆಳೆಯನ ಆತುರಕ್ಕೂ ಕಾರಣವಿತ್ತು. ತಾತನ ಮನೆಯನ್ನು ಕೆಡವಿ ಹೊಸದಾಗಿ ಕಟ್ಟಿಸುವುದೆಂದು ಅವರ ಮಕ್ಕಳು ತೀರ್ಮಾನಿಸಿದ್ದಾರೆ. ಜೂನ್ ಬರುವ ಹೊತ್ತಿಗೆ ಹಿತ್ತಲು ಖಾಲಿಯಾಗಬೇಕು. ಅಷ್ಟರಲ್ಲಿ ದೋಣಿ ನೀರಿಗಿಳಿಯುವಂತಾದರೆ ಅದನ್ನು ಒಯ್ದು ಇಟ್ಟುಕೊಳ್ಳಲು ತಾತನ ಹಳೆಯ ಸಹೋದ್ಯೋಗಿಯೊಬ್ಬರು ತಯಾರಿದ್ದಾರೆ. ಆಗದಿದ್ದರೆ ಶಿವಾಜಿನಗರದ ಗುಜರಿ. ಗುಜರಿಯವರು ಬಂದು ನೋಡಿ, ಹಿತ್ತಾಳೆ ಸಾಮಾನಿಗೆ ಮಾತ್ರ ಬೆಲೆ ಕಟ್ಟಿ ಹೋಗಿದ್ದರು.

ಆದರೂ ನಾವು ಹಿಡಿದದ್ದು ನಿಧಾನದ ದಾರಿಯನ್ನೇ. ಲಡ್ಡಾದ ಭಾಗವನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ ತೆಗೆದೆವು. ಉಳಿದದ್ದನ್ನು ಒಣಗಲು ಬಿಟ್ಟೆವು. ಒಣಗಿದೆಯೇ ಎಂದು ತಿಳಿಯಲು ತೇವಾಂಶ ಅಳೆಯುವ ಮೀಟರ್ ನಮ್ಮಲ್ಲಿರಲಿಲ್ಲ. ಕತ್ತರಿಸಿದ ತುಂಡೊಂದನ್ನು ದೋಣಿಯ ಪಕ್ಕದಲ್ಲೇ ಇಟ್ಟು ಕಿರಾಣಿ ತಕ್ಕಡಿಯಲ್ಲಿ ವಾರವಾರ ತೂಗಿದೆವು. ತೂಕ ಇಳಿಯುವುದು ನಿಂತ ಮೇಲೆ, 112 ಗ್ರಾಂ ಇದ್ದ ಆ ತುಂಡನ್ನು ಓವನ್‌ನಲ್ಲಿ ಪೂರ್ತಿ ಒಣಗಿಸಿ ತೂಗಿದರೆ 98 ಗ್ರಾಂ. ವ್ಯತ್ಯಾಸ 14 ಗ್ರಾಂ. ಅಂದರೆ ತೇವಾಂಶ ಶೇ 14ರ ಆಸುಪಾಸು. ಮೆಟೀರಿಯಲ್ಸ್ ಲ್ಯಾಬಿನಲ್ಲಿ ರೆಕಾರ್ಡ್ ಪುಸ್ತಕಕ್ಕೆಂದು ಬರೆದ ಸೂತ್ರ ಕೆಲಸಕ್ಕೆ ಬಂದದ್ದು ಆ ದಿನ.

ಮುಂದಿನದು ಪ್ಲೈವುಡ್. ನೀವು ಮನೆಗೆ ಕಪಾಟು ಮಾಡಿಸುವಾಗಲೂ ಇದು ತಿಳಿದಿರಲಿ: ಹಲಗೆಯ ಮೇಲೆ ಐಎಸ್ 710 ಎಂಬ ಗುರುತಿದ್ದರೆ ಅದು ಮರೈನ್ ದರ್ಜೆ. ಆ ಮಾನದಂಡದ ಪ್ರಕಾರ ತುಂಡನ್ನು 72 ಗಂಟೆ ಕುದಿಸಿದರೂ ಪದರಗಳು ಬಿಚ್ಚಿಕೊಳ್ಳಬಾರದು. ನಾವು ಎರಡು ಅಂಗಡಿಗಳಿಂದ ತುಂಡು ತಂದೆವು. ತಾತನ ಮನೆಯಲ್ಲಿ ಇನ್ನೂ ಸೌದೆಯ ಹಂಡೆ ಒಲೆಯಿದೆ. ದೋಣಿಯ ಲಡ್ಡು ಮರವನ್ನೇ ಉರಿಸಿ ಎರಡೂ ತುಂಡುಗಳನ್ನು ಕುದಿಸಿದೆವು. ಒಂದು ಮೂರನೇ ಗಂಟೆಗೆ ಪುಸ್ತಕದ ಹಾಳೆಯಂತೆ ಬಿಚ್ಚಿಕೊಂಡಿತು, ಅದರ ಮೇಲೂ ಗುರುತು ಇತ್ತು. ಇನ್ನೊಂದು ಸಂಜೆಯವರೆಗೂ ಜಗ್ಗಲಿಲ್ಲ. ನಾವು ಕೊಂಡದ್ದು ಯಾವುದನ್ನು ಎಂದು ಹೇಳಬೇಕಿಲ್ಲ.

ಹೊಸ ಹಲಗೆಯನ್ನು ಹಳೆಯದರ ತುದಿಗೆ ನೇರವಾಗಿ ತಾಗಿಸಿ ಅಂಟಿಸಿದರೆ ನಿಲ್ಲುವುದಿಲ್ಲ. ಎರಡರ ಅಂಚನ್ನೂ ಓರೆಯಾಗಿ ಕೀಸಿ ಒಂದರ ಮೇಲೊಂದು ಕೂರಿಸಬೇಕು. ದಪ್ಪದ ಎಂಟು ಪಟ್ಟು ಉದ್ದದ ಓರೆ ಬೇಕು ಎಂಬುದು ದೋಣಿ ಕಟ್ಟುವವರ ಲೆಕ್ಕ. 6 ಮಿ.ಮೀ. ಹಲಗೆಗೆ 48 ಮಿ.ಮೀ. ಓರೆ. ಕೀಸುವ ಕೆಲಸವನ್ನು ಯಂತ್ರಕ್ಕೆ ಬಿಡದೆ ಕೈಯಲ್ಲೇ ಮಾಡಿದೆವು. ಪ್ಲೈವುಡ್‌ನ ಪದರಗಳೇ ಇಲ್ಲಿ ಅಳತೆಪಟ್ಟಿ: ಓರೆ ಸರಿಯಿದ್ದರೆ ಪದರಗಳ ಗೆರೆಗಳು ಸಮಾನಾಂತರವಾಗಿ ಕಾಣುತ್ತವೆ, ತಪ್ಪಿದರೆ ಅಂಕುಡೊಂಕಾಗುತ್ತವೆ.

ದೋಣಿಯ ಮೇಲಂಚಿನ ಪಟ್ಟಿಗೆ ಕಂಟೋನ್ಮೆಂಟಿನಲ್ಲಿ ಕೆಡವಿದ ಹಳೆಯ ಮನೆಯೊಂದರ ತೇಗದ ಚೌಕಟ್ಟು ಸಿಕ್ಕಿತು. ಹಲಸಿನ ಮರಗಳಿಂದ ಹೆಸರು ಪಡೆದ ಊರಲ್ಲವೇ, ಕರಾವಳಿಯಲ್ಲಿ ದೋಣಿಗೆ ಬಳಸುವ ಹೆಬ್ಬಲಸು ಸಿಕ್ಕೀತೇ ಎಂದು ಹುಡುಕಿದ್ದೆವು, ಸಿಗಲಿಲ್ಲ. 18 ಮಿ.ಮೀ. ದಪ್ಪದ ಪಟ್ಟಿ ದೋಣಿಯ ತಿರುವಿಗೆ ಬಾಗುವುದಿಲ್ಲ. ಅದನ್ನೇ 6 ಮಿ.ಮೀ.ನ ಮೂರು ಪಟ್ಟಿಗಳಾಗಿ ಸೀಳಿದರೆ ಒಂದೊಂದೂ 27 ಪಟ್ಟು ಸುಲಭವಾಗಿ ಬಾಗುತ್ತದೆ, ಏಕೆಂದರೆ ಬಿಗಿತ ದಪ್ಪದ ಘನಕ್ಕೆ ಅನುಗುಣ. ಮೂರನ್ನೂ ಬಾಗಿಸಿ, ನಡುವೆ ಎಪಾಕ್ಸಿ ಹಚ್ಚಿ, ಸಿಕ್ಕಷ್ಟು ಕ್ಲಾಂಪ್ ಬಿಗಿದು ಒಂದು ರಾತ್ರಿ ಬಿಟ್ಟೆವು. ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಹಚ್ಚುವ ಮುಂಚೆ ಅಸಿಟೋನ್‌ನಿಂದ ಒರೆಸಬೇಕು. ಎಪಾಕ್ಸಿಗೆ ಬಿಸಿಲು ಆಗದು, ಆದ್ದರಿಂದ ಮೇಲೆ ವಾರ್ನಿಷ್ ಬೇಕೇ ಬೇಕು.

ಇಂಥ ಕೈಕೆಲಸದ ದೊಡ್ಡ ಉದಾಹರಣೆ ‘ಸುಹೈಲಿ’. 32 ಅಡಿಯ ಈ ತೇಗದ ದೋಣಿಯನ್ನು ಕಟ್ಟಿದವರು ಮುಂಬೈನ ಬಡಗಿಗಳು. ಇದರಲ್ಲಿ 1968ರ ಜೂನ್‌ನಲ್ಲಿ ಇಂಗ್ಲೆಂಡಿನಿಂದ ಒಬ್ಬರೇ ಹೊರಟ ರಾಬಿನ್ ನಾಕ್ಸ್–ಜಾನ್‌ಸ್ಟನ್, ಎಲ್ಲೂ ನಿಲ್ಲದೆ ಭೂಮಿ ಸುತ್ತಿ 312 ದಿನಗಳ ಬಳಿಕ, 1969ರ ಏಪ್ರಿಲ್ 22ರಂದು ಮರಳಿದರು. ಏಕಾಂಗಿಯಾಗಿ ಹಾಗೆ ಮಾಡಿದ ಮೊದಲಿಗರು ಅವರು. ಹೊರಟ ಕೆಲವೇ ವಾರಗಳಲ್ಲಿ ಅಟ್ಲಾಂಟಿಕ್ ನಡುವೆ ದೋಣಿ ಸೋರತೊಡಗಿತು. ಅವರು ನೀರಿಗೆ ಧುಮುಕಿ, ತಳದ ಹಲಗೆಗಳ ಸಂದಿಯನ್ನು ಪತ್ತೆ ಮಾಡಿ, ಹತ್ತಿ ತುರುಕಿ, ಮೇಲೆ ಕ್ಯಾನ್ವಾಸ್ ಪಟ್ಟಿಯನ್ನೂ ತಾಮ್ರದ ತಗಡನ್ನೂ ಮೊಳೆ ಹೊಡೆದು ಕೂರಿಸಿದರು. ಬರೀ ನೀರು ಎತ್ತಿ ಹಾಕುತ್ತಾ ಕೂತಿದ್ದರೆ ಆ ಪ್ರಯಾಣ ಅಲ್ಲಿಗೇ ಮುಗಿಯುತ್ತಿತ್ತು.

‘ಪ್ಲೇಸ್‌ಮೆಂಟ್ ಸೀಸನ್ ಹತ್ತಿರ ಬಂತು, ಆಪ್ಟಿಟ್ಯೂಡ್ ಕೋಚಿಂಗ್ ಬಿಟ್ಟು ಬಡಗಿ ಕೆಲಸವೇ?’ ಎಂದು ಮನೆಯಲ್ಲಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಶನಿವಾರ ಕೋಚಿಂಗ್‌ಗೂ ಹೋಗುತ್ತೇನೆ. ಆದರೆ ಮೂರು ವರ್ಷಗಳಲ್ಲಿ ನಾವು ಬರೆದ ಪರೀಕ್ಷೆಗಳೆಲ್ಲ ಹೊಸದನ್ನು ವಿನ್ಯಾಸ ಮಾಡುವ ಬಗ್ಗೆ. ಬೇರೆ ಯಾರೋ ಕಟ್ಟಿದ್ದನ್ನು ಓದಿ, ಅದು ಎಲ್ಲಿ ಸೋಲುತ್ತಿದೆ ಎಂದು ಕಂಡುಹಿಡಿಯುವ ಒಂದು ಪ್ರಶ್ನೆಯೂ ಬಂದಿಲ್ಲ. ಕೆಲಸಕ್ಕೆ ಸೇರಿದ ಸೀನಿಯರ್‌ಗಳು ಹೇಳುವುದೇ ಬೇರೆ. ಸೇತುವೆಯಾಗಲಿ, ಯಂತ್ರವಾಗಲಿ, ಸಾಫ್ಟ್‌ವೇರ್ ಆಗಲಿ, ಮೊದಲ ದಿನ ಕೈಗೆ ಸಿಗುವುದು ಇನ್ನೊಬ್ಬರ ಹಳೆಯ ಕೆಲಸವಂತೆ.

ನಿಮ್ಮ ಮನೆಯಲ್ಲಿ ದೋಣಿ ಇರಲಾರದು. ಮಳೆಗಾಲದಲ್ಲಿ ಉಬ್ಬುವ ಬಾಗಿಲು, ಅಲ್ಲಾಡುವ ಕುರ್ಚಿ, ತೇವ ಹಿಡಿದ ಕಿಟಕಿ ಚೌಕಟ್ಟು ಇದ್ದೇ ಇರುತ್ತದೆ. ಅಂಟಿನ ಟ್ಯೂಬ್ ಹುಡುಕುವ ಮೊದಲು ಒಂದು ಸ್ಕ್ರೂಡ್ರೈವರ್ ಹಿಡಿದು ತಟ್ಟಿ ನೋಡಿ.

ಕಳೆದ ಭಾನುವಾರ ದೋಣಿಯನ್ನು ನಾಲ್ಕು ಹಳೆಯ ಟೈರುಗಳ ಮೇಲೆ ಕೂರಿಸಿ, ಒಳಗೆ ಒಂದು ಗೇಣು ನೀರು ತುಂಬಿಸಿದೆವು. ಒಳಗಿನಿಂದ ಹೊರಗೆ ಸೋರುವ ಜಾಗವೇ ನಾಳೆ ಹೊರಗಿನಿಂದ ಒಳಗೆ ನೀರು ಬಿಡುವ ಜಾಗ. ನಮ್ಮ ಹೊಸ ಜೋಡಣೆಗಳು ಒಣಗಿದ್ದವು. ನಡುವಿನ ಹಲಗೆ ಇಳಿಯುವ ಪೆಟ್ಟಿಗೆಯ ಬುಡದಲ್ಲಿ ಮಾತ್ರ ಒಂದು ಹನಿ ಮೂಡಿ, ನಿಧಾನವಾಗಿ ದಪ್ಪಗಾಗಿ, ಕೆಳಗೆ ಬಿತ್ತು. ತಾತ ಸೀಮೆಸುಣ್ಣ ತೆಗೆದು ಅಲ್ಲೊಂದು ವೃತ್ತ ಎಳೆದರು. ಜೂನ್‌ಗೆ ಇನ್ನು ಐದು ಭಾನುವಾರಗಳಿವೆ.