ಜೇನು ಕೊಯ್ಯುವವರದೇ ಕಂಪನಿ

ಬೇಸಿಗೆ ಬಂತೆಂದರೆ ನೀಲಗಿರಿಯ ಕಡಿದಾದ ಬಂಡೆಗಳಲ್ಲಿ ಹೆಜ್ಜೇನು ತೂಗತೊಡಗುತ್ತದೆ. ಕುರುಂಬರು ಕಾಡುಬಳ್ಳಿಯಲ್ಲಿ ಹೆಣೆದ ಏಣಿ ಇಳಿಬಿಟ್ಟು, ಹೊಗೆ ಹಾಕಿ, ಅದನ್ನು ಕೊಯ್ಯುತ್ತಾರೆ. ಮೇಲೆ ನಿಂತು ಏಣಿ ಕಾಯುವವನು ಕೊಯ್ಯುವವನ ಭಾವಮೈದುನನೇ ಆಗಿರಬೇಕೆಂಬ ವಾಡಿಕೆ ಉಂಟು. ಒಡಹುಟ್ಟಿದವಳ ಬಾಳು ಅವನ ಕೈಯಲ್ಲಿರುತ್ತದಲ್ಲ! ಇಷ್ಟು ಜೀವಭಯದಲ್ಲಿ ತಂದ ಜೇನಿಗೆ ಬೆಲೆ ಕಟ್ಟುತ್ತಿದ್ದವನು ಮಾತ್ರ ಬಹುಕಾಲ ಮಧ್ಯವರ್ತಿಯೇ.

ಈ ಲೆಕ್ಕವನ್ನು ಬದಲಿಸಲು ಹೊರಟದ್ದು ಆದಿಮಲೈ ಪಳಂಗುಡಿಯಿನರ್ ಉತ್ಪಾದಕರ ಕಂಪನಿ. ಹುಟ್ಟಿದ್ದು 2013ರಲ್ಲಿ, ಊಟಿಯಿಂದ ಸುಮಾರು 30 ಕಿ.ಮೀ. ದೂರದ ಕೋತಗಿರಿಯಲ್ಲಿ. ಷೇರುದಾರರೆಲ್ಲ ಆದಿವಾಸಿಗಳೇ: ಇರುಳರು, ಕುರುಂಬರು, ಈರೋಡು ಜಿಲ್ಲೆಯ ಹಾಸನೂರಿನ ಕಡೆಯ ಸೋಲಿಗರು. ಈ ಸೋಲಿಗರು ನಮ್ಮ ಬಿಳಿಗಿರಿರಂಗನ ಬೆಟ್ಟದವರ ನಂಟರು. ಉತ್ಪಾದಕರ ಕಂಪನಿಗೆ ದಾರಿ ಮಾಡಿದ್ದು ಕಂಪನಿ ಕಾಯ್ದೆಗೆ ಆದ 2002ರ ತಿದ್ದುಪಡಿ. ಇಂಥ ಕಂಪನಿಯಲ್ಲಿ ಯಾರ ಬಳಿ ಎಷ್ಟೇ ಷೇರಿರಲಿ, ಒಬ್ಬರಿಗೆ ಒಂದೇ ಮತ.

ಆದರೆ ಕಾನೂನೊಂದರಿಂದಲೇ ಕಂಪನಿ ನಿಲ್ಲುವುದಿಲ್ಲ. 1993ರಲ್ಲಿ ಶುರುವಾದ ಕೀಸ್ಟೋನ್ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆ ಅಷ್ಟರಲ್ಲಾಗಲೇ ಜೇನು ಕೊಯ್ಯುವವರ ಜೊತೆ ವರ್ಷಾನುಗಟ್ಟಲೆ ಕೆಲಸ ಮಾಡಿತ್ತು. ಮರಿಗಳಿರುವ ಭಾಗವನ್ನು ಬಿಟ್ಟು ತುಪ್ಪವಿರುವಷ್ಟನ್ನೇ ಕೊಯ್ದರೆ ಹುಳುಗಳು ಉಳಿಯುತ್ತವೆ. ರೊಟ್ಟಿಯನ್ನು ಕೈಯಲ್ಲಿ ಹಿಂಡಿದರೆ ಮರಿಯ ರಸವೂ ಕಸವೂ ಸೇರಿಕೊಳ್ಳುತ್ತವೆ, ಸೋಸಿ ಇಳಿಸಬೇಕು. ನೀರಿನಂಶ ಹೆಚ್ಚಿದ್ದರೆ ತುಪ್ಪ ಹುಳಿಯುತ್ತದೆ. ತುಪ್ಪ ಇಳಿದ ಮೇಲೆ ಉಳಿದ ಮೇಣವೂ ಸೋಪಿಗೆ, ಬತ್ತಿಗೆ ಬರುತ್ತದೆ. ಪೇಟೆಯಲ್ಲಿ ಬೆಲೆ ಸಿಗುವುದು ಇಂಥ ಸಣ್ಣ ಎಚ್ಚರಗಳಿಂದ.

ತರಬೇತಿ, ಅಧ್ಯಯನ ಕೀಸ್ಟೋನ್‌ನದು. ಮಾರಾಟ ಲಾಸ್ಟ್ ಫಾರೆಸ್ಟ್ ಎಂಬ ಇನ್ನೊಂದು ಸಂಸ್ಥೆಯದು. ಸಂಗ್ರಹಣೆ, ಸಂಸ್ಕರಣೆ, ಒಡೆತನ ಆದಿಮಲೈಯದು. ನನಗೆ ತುಂಬ ಹಿಡಿಸಿದ್ದು ಈ ಪಾಲುಗಾರಿಕೆ. ಎಲ್ಲವೂ ಒಂದೇ ಸ್ವಯಂಸೇವಾ ಸಂಸ್ಥೆಯ ಕೈಯಲ್ಲಿದ್ದಿದ್ದರೆ, ಅನುದಾನ ನಿಂತ ದಿನ ವ್ಯಾಪಾರವೂ ನಿಲ್ಲುವ ಭಯವಿರುತ್ತಿತ್ತು; ಹಳ್ಳಿಯವರು ಎಂದಿಗೂ ಫಲಾನುಭವಿಗಳಾಗಿಯೇ ಉಳಿಯುತ್ತಿದ್ದರು.

ಜೇನಿನ ಜೊತೆಗೆ ಸಾಮೆ, ರಾಗಿ, ಕಾಫಿ, ಕಾಳುಮೆಣಸು, ಸೀಗೆಕಾಯಿ, ನೆಲ್ಲಿಕಾಯಿಯೂ ಬರುತ್ತವೆ. ಹಳ್ಳಿಗಳ ಹತ್ತಿರವೇ ಇರುವ ಘಟಕಗಳಲ್ಲಿ ಹೆಂಗಸರು ಅವನ್ನು ಹಸನು ಮಾಡಿ ಪ್ಯಾಕ್ ಮಾಡುತ್ತಾರೆ. 147 ಹಳ್ಳಿಗಳನ್ನು ಮುಟ್ಟಿದ ಈ ಕೆಲಸಕ್ಕೆ 2021ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು.

ಆದರೂ ಆಗಬೇಕಾದದ್ದು ಇನ್ನೂ ಇದೆ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನದ ಒಡೆತನವನ್ನು ಕಾಡಿನ ಜನರಿಗೇ ಕೊಟ್ಟಿದೆ. ಅದು ಕಾಗದದಿಂದ ಕಾಡಿಗೆ ಇಳಿಯಬೇಕು. ದುಡಿಯುವ ಬಂಡವಾಳದ ಪ್ರಶ್ನೆಯೂ ಇದೆ. ಬಂಡೆ ಇಳಿದು ಬಂದವನಿಗೆ ಅಂದೇ ಕೈಗೆ ದುಡ್ಡು ಸಿಗಬೇಕು; ಬಾಟಲಿ ಮಾರಾಟವಾಗುವುದು ತಿಂಗಳುಗಳ ಮೇಲೆ. ಮಳೆ ಕೈಕೊಟ್ಟು ಹೂ ಕಡಿಮೆಯಾದ ವರ್ಷ ಜೇನೂ ಕಡಿಮೆ. ಜಿಲ್ಲಾಡಳಿತವೂ ಬ್ಯಾಂಕುಗಳೂ ಕೈಜೋಡಿಸಬೇಕಾದದ್ದು ಈ ಕೊಯ್ಲಿಗೂ ಮಾರಾಟಕ್ಕೂ ನಡುವಿನ ತಿಂಗಳುಗಳಲ್ಲಿ.