ಆರು ನಿಮಿಷ ಕದ್ದವರು ಯಾರು?

“ಮನೆಯ ಹಳೇ ಕಂಪ್ಯೂಟರಿಗೆ ಜೆಲ್ಲಿಫಿನ್ ಹಾಕಿ ಸಿನಿಮಾ ಸರ್ವರ್ ಮಾಡಿಕೊಂಡಿದ್ದೇನೆ. ‘ಸತ್ಯ ಹರಿಶ್ಚಂದ್ರ’ ಐದು ಸಲ ಕಾಣಿಸುತ್ತದೆ. ವೈರಸ್ಸೇ? ಒಂದು ಪ್ರಿಂಟು ಆರು ನಿಮಿಷ ಕಮ್ಮಿ ಇದೆ, ಅದನ್ನು ಕತ್ತರಿಸಿದ್ದಾರೆಂದು ಅಳಿಸಿಬಿಡಲೇ?” ಎಂದು ಓದುಗರೊಬ್ಬರು ಕೇಳಿದ್ದಾರೆ.

ದಯವಿಟ್ಟು ತಡೆಯಿರಿ ಸ್ವಾಮಿ. ವೈರಸ್ಸಂತೂ ಅಲ್ಲ, ಬಹುಶಃ ಕತ್ತರಿಯೂ ಅಲ್ಲ. ಆ ಆರು ನಿಮಿಷದ ಕತೆ ನನಗೆ ಬಲು ಇಷ್ಟ.

ಸಿನಿಮಾ ರೀಲು ಸೆಕೆಂಡಿಗೆ 24 ಚಿತ್ರಗಳಂತೆ ಓಡುತ್ತದೆ. ನಮ್ಮ ಹಳೇ ಟೀವಿಯದು ಪಾಲ್ ಪದ್ಧತಿ, ಅದಕ್ಕೆ ಸೆಕೆಂಡಿಗೆ 25 ಬೇಕು. ಒಂದು ಚಿತ್ರ ಕೊರತೆ. ಅದನ್ನು ತುಂಬಲು ಎಂಜಿನಿಯರುಗಳು ಬಹಳ ಕಡೆ ಹಿಡಿದ ದಾರಿ ಎಷ್ಟು ಸರಳವೆಂದರೆ ನಗು ಬರುತ್ತದೆ: ಇಡೀ ಸಿನಿಮಾವನ್ನೇ ಒಂಚೂರು ಬೇಗ ಓಡಿಸಿಬಿಟ್ಟರು. ನೂರಕ್ಕೆ ಸುಮಾರು ನಾಲ್ಕು ಪಾಲು ವೇಗ ಹೆಚ್ಚು. ಎರಡೂವರೆ ಗಂಟೆಯ ಚಿತ್ರ 2 ಗಂಟೆ 24 ನಿಮಿಷಕ್ಕೆ ಮುಗಿಯುತ್ತದೆ. ಒಂದು ಸಂಭಾಷಣೆಯೂ ಹೋಗಿಲ್ಲ, ಎಲ್ಲರೂ ಸ್ವಲ್ಪ ಗಡಿಬಿಡಿಯಲ್ಲಿದ್ದಾರೆ, ಅಷ್ಟೆ.

ಕಣ್ಣಿಗೆ ಇದು ತಿಳಿಯುವುದಿಲ್ಲ, ಕಿವಿ ಹಿಡಿದುಬಿಡುತ್ತದೆ. ವೇಗ ಏರಿದರೆ ಶ್ರುತಿಯೂ ಏರುತ್ತದೆ. ಹಾರ್ಮೋನಿಯಮ್ಮಿನಲ್ಲಿ ಒಂದು ಬಿಳಿ ಮನೆಯಿಂದ ಪಕ್ಕದ ಕಪ್ಪು ಮನೆಗೆ ಎಷ್ಟು ದೂರವೋ ಅದರ ಮುಕ್ಕಾಲಿಗೆ ಸ್ವಲ್ಪ ಕಡಿಮೆ. ನಮ್ಮ ಮನೆಯಲ್ಲೂ ಇಂಥ ಒಂದು ಪ್ರಿಂಟು ಇದೆ. ಅದರ ಹಾಡಿಗೆ ಹಾರ್ಮೋನಿಯಂ ಹೊಂದಿಸಲು ಒಂದು ಸಂಜೆ ಒದ್ದಾಡಿದೆ. ಬಿಳಿ ಮನೆ ಒತ್ತಿದರೆ ಹಾಡು ಮೇಲೆ, ಕಪ್ಪು ಮನೆ ಒತ್ತಿದರೆ ಹಾಡು ಕೆಳಗೆ. ಪೆಟ್ಟಿಗೆಯೇ ಕೆಟ್ಟಿದೆ ಎಂದುಕೊಂಡಿದ್ದೆ! ಇನ್ನೊಂದು ಪ್ರಿಂಟಿನ ಸಬ್‌ಟೈಟಲ್ ತಂದು ಇದಕ್ಕೆ ಅಂಟಿಸಿದಾಗ ಗುಟ್ಟು ರಟ್ಟಾಯಿತು. ಶುರುವಿನಲ್ಲಿ ಸರಿಯಾಗಿಯೇ ಇತ್ತು. ಬರಬರುತ್ತಾ ಅಕ್ಷರ ಹಿಂದೆ ಬಿತ್ತು. 48ನೇ ನಿಮಿಷದ ಮಾತಿಗೆ ಅಕ್ಷರ ಬಂದದ್ದು 50ನೇ ನಿಮಿಷಕ್ಕೆ. ಕತ್ತರಿ ಹಾಕಿದ್ದರೆ ಹೀಗೆ ಇಂಚಿಂಚಾಗಿ ಜಾರುತ್ತಿರಲಿಲ್ಲ, ಕತ್ತರಿಸಿದ ಜಾಗದಲ್ಲಿ ಒಮ್ಮೆಲೇ ಹಾರುತ್ತಿತ್ತು. ನಿಮ್ಮ ಪ್ರಿಂಟಿಗೂ ಇದೇ ಪರೀಕ್ಷೆ ಮಾಡಿ ನೋಡಿ.

ಇನ್ನು, ಯಾವುದನ್ನು ಇಟ್ಟುಕೊಳ್ಳುವುದೆಂದು ಆರಿಸುವಾಗ ಅಡ್ಡ ಬರುವುದು ದೊಡ್ಡ ಫೈಲೇ ಒಳ್ಳೆಯ ಪ್ರಿಂಟು ಎಂಬ ಮೂಢನಂಬಿಕೆ. ಇದನ್ನು ನಂಬುವವರಲ್ಲಿ ಎಂಜಿನಿಯರುಗಳೂ ಇದ್ದಾರೆಂಬುದೇ ನನ್ನ ಸಂಕಟ. ವಿಡಿಯೊ ಕುಗ್ಗಿಸುವ ವಿಧಾನಗಳಲ್ಲಿ 2013ರಲ್ಲಿ ಬಂದ ಎಚ್‌ಇವಿಸಿ, ಅದಕ್ಕಿಂತ ಹಿಂದಿನ ಎಚ್.264ರ ಹೆಚ್ಚುಕಮ್ಮಿ ಅರ್ಧ ಜಾಗದಲ್ಲಿ ಅಷ್ಟೇ ಚೆಂದದ ಚಿತ್ರ ಕೊಡಬಲ್ಲದು. ಮಸುಕು ವಿಸಿಡಿಯನ್ನು ಹಿಗ್ಗಿಸಿ ಎಂಟು ಜಿಬಿ ಮಾಡಿದರೂ ಅದು ಮಸುಕು ವಿಸಿಡಿಯೇ.

ನಿಮ್ಮ ಐದರಲ್ಲಿ ಗಾತ್ರ, ಅವಧಿ ಎರಡೂ ಒಂದೇ ಇರುವ ಜೋಡಿಯೇನಾದರೂ ಇದ್ದರೆ ಅದರ ಬೆರಳಚ್ಚು ತೆಗೆಸಿ. ಎಸ್‌ಎಚ್‌ಎ-256 ಎಂಬ ಲೆಕ್ಕ ಇಡೀ ಫೈಲನ್ನು ಅರೆದು 256 ಬಿಟ್ಟುಗಳ ಒಂದು ಸಂಖ್ಯೆ ಕೊಡುತ್ತದೆ. ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಸಂಖ್ಯೆ ಗುರುತೇ ಸಿಗದಂತೆ ಬದಲಾಗುತ್ತದೆ. ಎರಡರದೂ ಒಂದೇ ಬಂದರೆ ಒಂದನ್ನು ಧೈರ್ಯವಾಗಿ ಅಳಿಸಿ. ಒಂದೇ ಡಿಸ್ಕಿನಲ್ಲಿ ಜೋಡಿ ಇಟ್ಟುಕೊಂಡು “ಬ್ಯಾಕಪ್ ಇದೆ” ಎನ್ನಬೇಡಿ, ಡಿಸ್ಕು ಹೋದರೆ ಎರಡೂ ಹೋಗುತ್ತವೆ.

ಉಳಿದವನ್ನು ಒಂದೇ ಪೋಸ್ಟರಿನಡಿ ತರುವುದು ಹೆಸರಿನ ಕೆಲಸ. ‘ಸತ್ಯ ಹರಿಶ್ಚಂದ್ರ (1965)’ ಎಂದು ಫೋಲ್ಡರ್ ಮಾಡಿ. ಇಸವಿ ಬಿಡಬೇಡಿ, ಸುಬ್ಬಯ್ಯ ನಾಯ್ಡು ಅವರ ‘ಸತ್ಯ ಹರಿಶ್ಚಂದ್ರ’ 1943ರದು, ಸರ್ವರಿಗೆ ರಾಜ್‌ಕುಮಾರ್ ಯಾರು, ನಾಯ್ಡು ಯಾರು ಗೊತ್ತಿಲ್ಲ. ಒಳಗಿನ ಪ್ರತಿ ಫೈಲಿನ ಹೆಸರೂ ಫೋಲ್ಡರಿನ ಹೆಸರಿನಿಂದಲೇ, ಒಂದಕ್ಷರ ತಪ್ಪದೆ ಶುರುವಾಗಬೇಕು. ಆಮೇಲೆ ಸ್ಪೇಸ್, ಅಡ್ಡಗೆರೆ, ಮತ್ತೆ ಸ್ಪೇಸ್, ನಂತರ ನಿಮ್ಮ ಗುರುತು: ‘ಸತ್ಯ ಹರಿಶ್ಚಂದ್ರ (1965) - ಡಿವಿಡಿ’. ಆಗ ಪೋಸ್ಟರು ಒಂದೇ, ಯಾವ ಪ್ರಿಂಟು ಬೇಕೆಂದು ಒಳಗೆ ಆರಿಸಿಕೊಳ್ಳಬಹುದು.

2008ರಲ್ಲಿ ಬಣ್ಣ ತುಂಬಿ ಬಿಡುಗಡೆ ಮಾಡಿದ ಪ್ರತಿಯನ್ನು ಮಾತ್ರ ನಾನು ಈ ಗುಂಪಿಗೆ ಸೇರಿಸುವುದಿಲ್ಲ, ಬೇರೆ ಫೋಲ್ಡರಿನಲ್ಲಿ ಇಡುತ್ತೇನೆ. ಒಂದೇ ಚಿತ್ರದ ಹಿರಿಕಿರಿ ಪ್ರಿಂಟು ಬೇರೆ, ಹೊಸದಾಗಿ ರೂಪ ಕೊಟ್ಟ ಪ್ರತಿ ಬೇರೆ. ನೀವು ಒಪ್ಪದಿದ್ದರೆ ಸೇರಿಸಿಕೊಳ್ಳಿ, ಜಗಳವಿಲ್ಲ.

ನಮ್ಮ ಮನೆಯ ಗಡಿಬಿಡಿ ಪ್ರಿಂಟನ್ನು ಅಳಿಸಲು ಹೊರಟಾಗ ಅಮ್ಮ ಬಿಡಲಿಲ್ಲ. ವರ್ಷಾನುಗಟ್ಟಲೆ ಟೀವಿಯಲ್ಲಿ ಆ ಹಾಡುಗಳನ್ನು ಕೇಳಿದವರು. ಸರಿಯಾದ ವೇಗದ ಪ್ರಿಂಟು ಹಾಕಿದರೆ, “ಯಾಕೋ ಹಾಡು ಎಳೀತಿದೆ ಕಣೋ, ನಿನ್ನ ಮಿಷನ್ ರಿಪೇರಿ ಮಾಡಿಸು” ಅಂದರು. ಆ ಫೈಲಿನ ಅಡ್ಡಗೆರೆಯ ಮುಂದೆ ಈಗ ‘ಅಮ್ಮನದು’ ಎಂದಿದೆ.